ಬೀಳೋ ಹಲ್ಲಿಗೆ ಯಾಕಷ್ಟು ಚಿಂತಿ?

ವೈನಿ, ಸಂಡಿಗೆ ಹಾಕಿ ಮುಗೀತಾ? ಹಾಗಾದರೆ ಒಂದು ಗಳಿಗೆ ಈ ಹಿತ್ತಲ ಗೋಡೆಗೆ ಒರಗಿ ನಿಲ್ಲಿ, ಹೇಳೋದಿದೆ. ನಮ್ಮ ಮೊಮ್ಮಗನ ಆ ಹಲ್ಲು, ಓಣಿಗೆಲ್ಲ ಗೊತ್ತಿರುವ ಆ ಬೂದಿ ಬಣ್ಣದ ಮುಂದಿನ ಹಲ್ಲು, ನಿನ್ನೆ ಸಂಜೆಯಿಂದ ಅಲುಗಾಡತೊಡಗಿದೆ. “ಆಯಿ, ನಾಲಿಗಿ ಹಚ್ಚಿದ್ರ ಬಾಗಿಲಾ ತಗದಂಗ ಆಗತೈತಿ ನೋಡ” ಎಂದು ರಾತ್ರಿಯೆಲ್ಲ ಅದೊಂದೇ ಆಟ. ಮುಂದಿನ ತಿಂಗಳು ಅವನಿಗೆ ಏಳು ತುಂಬುತ್ತದೆ. ಬೀಳಬೇಕಾದ ವಯಸ್ಸಿಗೇ ಬೀಳುತ್ತಿದೆ ಅನ್ನೋದೇ ನನಗೆ ದೊಡ್ಡ ಸಮಾಧಾನ. ಎರಡೂವರೆ ವರ್ಷ ದಿನಾ ಬೆಳಗ್ಗೆ ಅವನ ತುಟಿ ಎತ್ತಿ ನೋಡಿದವಳು ನಾನು.

ಆಗ ಹುಡುಗ ಬಿದ್ದ ಕಥೆ ನಿಮಗೇನು ಹೊಸದಲ್ಲ, ಮೊದಲು ಓಡಿ ಬಂದವರೇ ನೀವು. ಮಗ್ಗದ ಖೋಲಿಯಿಂದ ಕಂಡಿಕೆ ಬುಟ್ಟಿ ಎತ್ತಿಕೊಂಡು ಓಡಿದ್ದು, ಹೊಸ್ತಿಲಿಗೆ ಎಡವಿದ್ದು. ನಮ್ಮ ರಬಕವಿ-ಬನಹಟ್ಟಿಯಲ್ಲಿ ಮಗು ಅತ್ತರೆ ಕೇಳೋದು ಕಷ್ಟ, ಅಲ್ಲೇನ್ರಿ? ಈ ಮನೆಯಲ್ಲಿ ಎರಡು ಪಾವರಲೂಮು, ಆ ಮನೆಯಲ್ಲಿ ನಾಲ್ಕು, ಖಟಖಟ ಅಂತ ಬೆಳಗಿನಿಂದ ರಾತ್ರಿಯವರೆಗೆ. ಸೊಸೆಗೆ ಅಳು ಕೇಳಲೇ ಇಲ್ಲ. ಹಾಸಿನ ಎಳೆಗಳ ಸಂದಿಯಿಂದ ತೆರೆದ ಬಾಯಿ ಕಂಡಿತು, ಬಾಯಿ ತುಂಬ ಕೆಂಪು ಕಂಡಿತು. ಮಗ್ಗ ಬಂದ್ ಮಾಡಿದ ಮೇಲೇನೇ ಅಳು ಕೇಳಿದ್ದು.

ಒಬ್ಬರು ಅರಿಷಿಣ ಅಂದರು, ಒಬ್ಬರು ಚಹಾಪುಡಿ ಅಂದರು. ನೀವು ಮಾತ್ರ ಸೆರಗಿನಲ್ಲಿ ಬರ್ಫ ಸುತ್ತಿಕೊಂಡು ಗೋಡೆ ಸುತ್ತಿ ಬಂದಿರಿ. ಆ ಹೊತ್ತಿಗೆ ಅದೇ ಸರಿಯಾದ ಮದ್ದು ಎಂದು ಆಮೇಲೆ ಡಾಕ್ಟರೂ ಹೇಳಿದರು. ಇನ್ನೊಂದು ವಿಚಿತ್ರ ಹೇಳ್ತೀನಿ ಕೇಳಿ. ಸಾಗವಾನಿ ಹೊಸ್ತಿಲ ಮೇಲೆ ಇವತ್ತಿಗೂ ಎರಡು ಸಣ್ಣ ಕಚ್ಚುಗಳಿವೆ, ಎಳ್ಳುಕಾಳಿನಷ್ಟು. ಶುಕ್ರವಾರ ಹೊಸ್ತಿಲಿಗೆ ಅರಿಷಿಣ ಹಚ್ಚುವಾಗ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ. ನಾಲ್ಕೂವರೆ ವರ್ಷದ ಮಗುವಿನ ಹಲ್ಲು ಸಾಗವಾನಿಯಲ್ಲಿ ಊರುತ್ತದೆ ಅಂದರೆ ಪೆಟ್ಟು ಎಂಥದಿರಬೇಕು, ಅಲ್ವಾ?

ಹಲ್ಲು ಮುರಿಯಲಿಲ್ಲ. ಸ್ವಲ್ಪ ಅಲುಗಿತು, ವಸಡು ಬಾತಿತು, ನಾಲ್ಕು ದಿನಕ್ಕೆ ಇಳಿಯಿತು. ಸದ್ಯ ಪಾರಾದೆವು ಅಂದುಕೊಂಡೆವು. ಆಮೇಲೆ ಅಲ್ವಾ ಬಣ್ಣ ತಿರುಗಿದ್ದು? ಮೊದಲು ತಿಳಿ ಗುಲಾಬಿ, ಮುಂದೆ ಒಲೆಯ ಬೂದಿ. ಬಣ್ಣದ ಹಂಡೆಯಲ್ಲಿ ಒಂದೇ ಮುಳುಗು ಹಾಕಿ ತೆಗೆದ ನೂಲಿನ ಲಡಿಯಂತೆ ಅದೊಂದೇ ಹಲ್ಲು ಬೇರೆಯಾಗಿ ಕಾಣತೊಡಗಿತು. ನೇಕಾರರ ಓಣಿಯಲ್ಲಿ ಬಣ್ಣದ ವಿಚಾರಕ್ಕೆ ಸುಮ್ಮನಿರುವವರು ಯಾರು? ಬಂದವರೆಲ್ಲ ಅವನ ತುಟಿ ಎತ್ತಿ ನೋಡಿದವರೇ.

ಆಗ ಮನೆಯಲ್ಲಿ ಎರಡು ಪಕ್ಷ ಆದವು. ನಮ್ಮ ಮನೆಯವರು, “ಬೀಳೋ ಹಲ್ಲಿಗೆ ಯಾಕಷ್ಟು ಚಿಂತಿ? ಹಾಲಹಲ್ಲ ಅದು, ಇಂದಿಲ್ಲ ನಾಳೆ ಬೀಳತೈತಿ” ಎಂದು ಪೇಪರು ಹಿಡಿದರು. ಬೀಳಗಿಯಿಂದ ಬಂದ ಬೀಗತಿ, “ಸತ್ತ ಹಲ್ಲು ಬಾಯಾಗ ಇಟಗೋಬಾರ್ದು, ನಾಳೇನ ಕೀಳಿಸಿಬಿಡ್ರಿ” ಎಂದರು. ಇಬ್ಬರೂ ಪ್ರೀತಿಯಿಂದಲೇ ಹೇಳಿದ್ದು. ಸೊಸೆ ನನ್ನ ಮುಖ ನೋಡಿದಳು, ನಾನು ಹುಡುಗನ ಮುಖ ನೋಡಿದೆ. ಅವನು ಕೈಯಲ್ಲಿ ಬೆಲ್ಲದ ಹೆಂಟೆ ಹಿಡಿದು ಕೂತಿದ್ದ.

ಬೀಗತಿಗೆ ಈ ಹುಡುಗನ ಹಲ್ಲಿನ ಮೇಲೆ ಮೊದಲಿನಿಂದಲೂ ಕಣ್ಣು. ಎಲ್ಲ ಮಕ್ಕಳಿಗೂ ಕೆಳಗಿನ ಮುಂದಿನ ಎರಡು ಮೊದಲು ಬಂದರೆ ಇವನಿಗೆ ಮೇಲಿನವು ಮೊದಲು ಬಂದವು. ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕಂಟಕ ಅಂತಾರಲ್ಲ, ಆಕೆ ಆ ಮಾವನ ಹಡೆದವ್ವ ಬೇರೆ! ಪಾಪ, ಬಹಳ ದಿನ ಹೆದರಿಕೊಂಡೇ ಇದ್ದರು. ಮಾವನಿಗೆ ಏನೂ ಆಗಲಿಲ್ಲ. ಜಮಖಂಡಿ ಕಡೆ ದ್ರಾಕ್ಷಿ ಪಡ ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾನೆ. ಬಂದಾಗಲೆಲ್ಲ ಅಳಿಯನ ಎರಡೂ ಜೇಬಿಗೆ ಒಣದ್ರಾಕ್ಷಿ ತುಂಬಿ ಹೋಗುತ್ತಾನೆ. ಅಳಿಯ ಅದನ್ನು ಒಂದೊಂದೇ ಒಂದೊಂದೇ ಬೆಳಗಿನಿಂದ ಮಲಗುವವರೆಗೆ ತಿನ್ನುತ್ತಾನೆ. ಹಲ್ಲಿನಿಂದ ಮಾವನಿಗೆ ಕಂಟಕ ಬರಲಿಲ್ಲ ವೈನಿ, ಮಾವನ ಜೇಬಿನಿಂದಲೇ ಹಲ್ಲಿಗೆ ಬಂತು. ಅದನ್ನು ಆಮೇಲೆ ಹೇಳ್ತೀನಿ.

ಅಂತೂ ಜಮಖಂಡಿಗೆ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಬಾಯಿ. ಕುರ್ಚಿ ಮೇಲೆ ಕೂರಿಸಲಿಲ್ಲ, ನನ್ನ ತೊಡೆಯ ಮೇಲೇ ಮಲಗಿಸಿ ನೋಡಿದರು. ಸಣ್ಣದೊಂದು ಎಕ್ಸರೇ ತೆಗೆದರು. ಮೊಣಕಾಲಿಗೆ ಪೆಟ್ಟು ಬಿದ್ದರೆ ಹೆಪ್ಪುಗಟ್ಟಿ ನೀಲಿ ಆಗುತ್ತದಲ್ಲ, ಹಲ್ಲಿನ ಒಳಗೂ ಹಾಗೇ ಅಂತೆ. ಒಳಗಿನ ಸಣ್ಣ ರಕ್ತನಾಳ ಒಡೆದು ಆ ಬಣ್ಣ ಹಲ್ಲಿನ ಮೈಗೆ ಇಳಿಯುತ್ತದೆ. ಕೆಲವು ಹಲ್ಲು ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಬಿಳುಪಿಗೆ ತಿರುಗುತ್ತವೆ, ಕೆಲವು ಹಾಗೇ ಉಳಿಯುತ್ತವೆ. ಬಣ್ಣ ಬದಲಾಯಿತು ಎಂದ ಮಾತ್ರಕ್ಕೆ ಕೀಳಬೇಕಿಲ್ಲ. ಆದರೆ ಮರೆತೂ ಬಿಡಬಾರದು. ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದರೆ, ಬಾವು ಬಂದರೆ, ರಾತ್ರಿ ನೋವೆಂದು ಎದ್ದು ಅತ್ತರೆ ತಡ ಮಾಡದೆ ಬನ್ನಿ ಎಂದರು. ಒಳಗೆ ಕೀವಾದರೆ ಮೇಲಿನ ಎಲುಬಿನಲ್ಲಿ ಮೂಡುತ್ತಿರುವ ಕಾಯಂ ಹಲ್ಲಿಗೂ ಅದರ ಬಿಸಿ ತಟ್ಟುತ್ತದೆ. ನಾನು ದಿನಾ ಬೆಳಗ್ಗೆ ತುಟಿ ಎತ್ತಿ ನೋಡತೊಡಗಿದ್ದು ಅಂದಿನಿಂದ. ಬೆಳಗ್ಗೆ ರಂಗೋಲಿ, ಆಮೇಲೆ ಮೊಮ್ಮಗನ ವಸಡು.

ಮನೆಯವರು ಹೊರಡಲು ಎದ್ದೇಬಿಟ್ಟಿದ್ದರು. ಆಗ ಆಕೆ, “ಇನ್ನೊಮ್ಮಿ ಬಾಯಿ ದೊಡ್ಡದು ಮಾಡು ರಾಜಾ” ಎಂದು ಪುಟ್ಟ ಕನ್ನಡಿ ಒಳಗಿಟ್ಟರು. ಕೆಳಗಿನ ಬಲ ದವಡೆ, ಹಿಂದಿನಿಂದ ಎರಡನೆಯ ಹಲ್ಲು. ಎರಡು ಹಲ್ಲು ಕೂಡುವ ಸಂದಿನಲ್ಲಿ ಕಪ್ಪು ತೂತು. ನಾವೆಲ್ಲ ಮುಂದಿನ ಹಲ್ಲಿನ ಬಣ್ಣ ನೋಡುತ್ತ ಕೂತಿದ್ದೆವು, ಹಿಂದೆ ಸದ್ದಿಲ್ಲದೆ ಕಳ್ಳ ಕನ್ನ ಕೊರೆಯುತ್ತಿದ್ದ. ನನಗೆ ಎದೆ ಧಸಕ್ ಅಂತು.

ಮನೆಯವರು ಅಲ್ಲಿಯೂ ಅದನ್ನೇ ಕೇಳಿದರು, ಬೀಳೋ ಹಲ್ಲಲ್ವಾ ಅಂತ. ಡಾಕ್ಟರಬಾಯಿ ಕೇಳಿದ್ದು ಒಂದೇ ಪ್ರಶ್ನೆ, “ಯಾವಾಗ ಬೀಳತೈತ್ರಿ?” ಮುಂದಿನವು ಆರು-ಏಳಕ್ಕೆ ಬೀಳುತ್ತವೆ, ಸರಿ. ದವಡೆಯ ಹಾಲುಹಲ್ಲು ಬೀಳೋದು ಹತ್ತಕ್ಕೆ, ಹನ್ನೊಂದಕ್ಕೆ, ಒಮ್ಮೊಮ್ಮೆ ಹನ್ನೆರಡಕ್ಕೆ. ಇವನಿಗೆ ಆಗ ನಾಲ್ಕೂವರೆ. ಅಂದರೆ ಇನ್ನೂ ಆರು ವರ್ಷ ಅದೇ ಹಲ್ಲಿನಿಂದ ರೊಟ್ಟಿ ಅಗಿಯಬೇಕು. ಆರು ವರ್ಷ ಕಟಕ ರೊಟ್ಟಿ! ನಮ್ಮ ಕಡೆಯ ಮಗುವಿಗೆ ಇದಕ್ಕಿಂತ ದೊಡ್ಡ ಲೆಕ್ಕ ಬೇಕೇನ್ರಿ?

ಇನ್ನೊಂದು ಮಾತು ಅವರು ಹೇಳಿದ್ದಕ್ಕೆ ನಾನು ನಮ್ಮದೇ ಒಂದು ಹೋಲಿಕೆ ಹಚ್ಚಿಕೊಂಡಿದ್ದೇನೆ. ಜಮಖಂಡಿ ಸ್ಟ್ಯಾಂಡಿನಲ್ಲಿ ಹುಬ್ಬಳ್ಳಿ ಬಸ್ಸು ಬಂದಾಗ ಕಿಟಕಿಯಿಂದ ಟವೆಲು ಒಗೆದು ಸೀಟು ಹಿಡಿಯುತ್ತೇವಲ್ಲ, ಹಾಲುಹಲ್ಲು ಆ ಟವೆಲಿನ ಹಾಗೆ. ಹಿಂದೆ ಬರುವವನಿಗೆ ಜಾಗ ಹಿಡಿದು ಕೂತಿರುತ್ತದೆ. ಟವೆಲು ಯಾರಾದರೂ ಎತ್ತಿಬಿಟ್ಟರೆ ಪಕ್ಕದವರು ಸರಿದು ಕೂರುತ್ತಾರೆ, ನಿಜವಾದ ಹಕ್ಕುದಾರ ಬಂದಾಗ ಅಡ್ಡಡ್ಡ ನಿಲ್ಲಬೇಕು. ಅದರಲ್ಲೂ ಆರನೇ ವರ್ಷಕ್ಕೆ ಎಲ್ಲಕ್ಕಿಂತ ಹಿಂದೆ ಒಂದು ಕಾಯಂ ದವಡೆಹಲ್ಲು ಸುಮ್ಮನೆ ಬಂದು ಕೂರುತ್ತದೆ, ಯಾವ ಹಲ್ಲೂ ಬೀಳದೆಯೇ. ಹಾಗಾಗಿ ಬಹಳ ಮನೆಗಳಲ್ಲಿ ಅದನ್ನೂ ಹಾಲುಹಲ್ಲೆಂದೇ ತಿಳಿದು ಹುಳುಕಾಗಲು ಬಿಡುತ್ತಾರೆ. ಮುಂದೆ ಜಾಗ ಖಾಲಿಯಿದ್ದರೆ ಅದು ಮುಂದಕ್ಕೆ ತಳ್ಳುತ್ತದೆ. ಕೀಳಲೇಬೇಕಾಗಿ ಬಂದರೆ ಆ ಜಾಗಕ್ಕೆ ತಂತಿಯ ಒಂದು ಬಳೆ ಕೂರಿಸುತ್ತಾರೆ, ಸೀಟು ಹಿಡಿಯೋದಕ್ಕೆ. ಬಾಯಲ್ಲಿ ಇಪ್ಪತ್ತು ಹಾಲುಹಲ್ಲು, ಇಪ್ಪತ್ತು ಟವೆಲು ಅಂತ ಲೆಕ್ಕ.

ಇವನ ಹಲ್ಲನ್ನು ಕೀಳಲಿಲ್ಲ. ಸ್ಟೀಲಿನ ಟೋಪಿ ಹಾಕಿದರು. ಸೂಜಿಯೂ ಇಲ್ಲ, ಕೊರೆಯುವ ಮಷೀನೂ ಇಲ್ಲ! ಹಿಂದಿನ ದಿನ ಸಂದಿಯಲ್ಲಿ ರಬ್ಬರಿನ ಸಣ್ಣ ಉಂಗುರ ಇಟ್ಟು ಕಳಿಸಿದರು. ಮರುದಿನ ಅಳತೆಗೆ ಸರಿಹೋಗುವ ಟೋಪಿ ಆರಿಸಿ, ಒಳಗೆ ಸಿಮೆಂಟು ತುಂಬಿ, ಹಲ್ಲಿನ ಮೇಲೆ ಒತ್ತಿ, “ಗಟ್ಟಿ ಕಚ್ಚು” ಅಂದರು. ಕಚ್ಚಿದ. ಆಯಿತು. ಒಳಗಿನ ಹುಳುಕು ತೆಗೆಯಲಿಲ್ಲವಲ್ಲ ಎಂದು ನನಗೆ ಜೀವ ತಡೆಯಲಿಲ್ಲ, ಕೇಳಿಯೇಬಿಟ್ಟೆ. ಹುಳುಕು ನರದವರೆಗೆ ಇಳಿಯದಿದ್ದರೆ, ಮೇಲಿಂದ ಭದ್ರವಾಗಿ ಮುಚ್ಚಿಬಿಟ್ಟರೆ, ಒಳಗಿನ ಸೂಕ್ಷ್ಮಜೀವಿಗಳಿಗೆ ಸಕ್ಕರೆ ಸಿಗುವುದಿಲ್ಲ, ಉಪವಾಸ ಬಿದ್ದು ಹುಳುಕು ಅಲ್ಲೇ ನಿಲ್ಲುತ್ತದೆ ಎಂದರು. ರಾತ್ರಿ ನೋವು, ಬಾವು ಶುರುವಾಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಆಗ ಒಳಗಿನ ನರಕ್ಕೇ ಚಿಕಿತ್ಸೆ ಮಾಡಬೇಕು. ನಾವು ಸಮಯಕ್ಕೆ ಹೋಗಿದ್ದೆವು, ಅದೂ ಮುಂದಿನ ಹಲ್ಲಿನ ಪುಣ್ಯದಿಂದ.

ಈ ಉಪಾಯ ಹುಡುಕಿದಾಕೆ ಸ್ಕಾಟ್ಲೆಂಡಿನ ಒಬ್ಬ ಊರಿನ ದಂತವೈದ್ಯೆ, ನೋರ್ನಾ ಹಾಲ್ ಎಂದು ಹೆಸರು. ಮಕ್ಕಳನ್ನು ಹೆದರಿಸದೆ ಅವರ ಹಲ್ಲು ಉಳಿಸೋದಕ್ಕೆ ತನ್ನ ದವಾಖಾನೆಯಲ್ಲಿ ವರ್ಷಗಟ್ಟಲೆ ಹೀಗೆ ಟೋಪಿ ಕೂರಿಸುತ್ತಿದ್ದರು. ಆ ದಾಖಲೆಗಳನ್ನು ಸಂಶೋಧಕರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿಗೆಲ್ಲ ಗೊತ್ತಾಯಿತು. ಹಾಲಹಲ್ಲಿಗೆ ಹಾಲಬಾಯಿಯ ಟೋಪಿ! ಹಾಲು, ಹಲ್ಲು, ಹಾಲ್. ನಮ್ಮ ಕನ್ನಡಕ್ಕೆ ಅಂತಲೇ ಹೆಸರಿಟ್ಟಂತಿಲ್ಲವಾ? ಮನೆಗೆ ಬರುವವರೆಗೆ ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡು ಬಂದೆ. ಹುಡುಗನಿಗೆ ಅದೆಲ್ಲ ಬೇಡ. ಅವನಿಗೆ “ಬೆಳ್ಳಿ ಹಲ್ಲು” ಬಂದಿತ್ತು. ಅಂಗನವಾಡಿಯ ಮಕ್ಕಳೆಲ್ಲ ಸಾಲು ಹಚ್ಚಿ ನೋಡಿದರು. ನಾಲ್ಕು ದಿನ ಬಿಟ್ಟು ಆ ಮೂಲೆ ಮನೆಯ ಹುಡುಗಿ ತನಗೂ ಬೆಳ್ಳಿ ಹಲ್ಲು ಬೇಕೆಂದು ಅತ್ತಿದ್ದು ನೆನಪಿದೆಯಲ್ಲ?

ಹುಳುಕು ಅಂದೆನಲ್ಲ, ಆ ಶಬ್ದದಲ್ಲೇ ಹುಳು ಕೂತಿದೆ ನೋಡಿ. ನಮ್ಮ ಅಕ್ಕನ ಕೆನ್ನೆ ಬಾತುಕೊಂಡಾಗ ಒಬ್ಬ ಮುದುಕಿ ಬರುತ್ತಿದ್ದಳು. ಕೆಂಡದ ಮೇಲೆ ನೆಲಗುಳ್ಳದ ಬೀಜ ಹಾಕಿ, ಹೊಗೆಯನ್ನು ಕೊಳವೆಯಿಂದ ಬಾಯಿಗೆ ಬಿಟ್ಟು, ಕೆಳಗೆ ನೀರಿನ ಪರಾತ ಇಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನೀರಿನಲ್ಲಿ ಬಿಳಿ ಬಿಳಿ ದಾರದಂಥವು. “ಹುಳಾ ಬಿದ್ದೂ!” ಎಂದು ನಾವೆಲ್ಲ ಹಾರಿ ಹಿಂದೆ ಸರಿಯುತ್ತಿದ್ದೆವು. ಕಾದ ಬೀಜ ಸಿಡಿದು ಹೊರಬಿದ್ದ ಮೊಳಕೆಯ ಎಳೆ ಅದು, ಹುಳದ ಹಾಗೇ ಬಾಗಿರುತ್ತದೆ. ನಮ್ಮಲ್ಲಷ್ಟೇ ಅಲ್ಲ, ಯುರೋಪಿನಲ್ಲೂ ಹೀಗೇ ಬೇರೊಂದು ಗಿಡದ ಬೀಜದ ಹೊಗೆ ಹಾಕುತ್ತಿದ್ದರು. ಪಿಯರ್ ಫೋಶಾರ್ ಎಂಬ ಫ್ರಾನ್ಸಿನ ದಂತವೈದ್ಯ 1728ರಲ್ಲಿ ದೊಡ್ಡ ಪುಸ್ತಕ ಬರೆದು, ಹುಳುಕು ಹಲ್ಲಿನಲ್ಲಿ ಇಂಥ ಹುಳು ತನಗೆ ಕಂಡೇ ಇಲ್ಲ ಎಂದ. 1890ರ ಹೊತ್ತಿಗೆ ಬರ್ಲಿನ್‌ನಲ್ಲಿದ್ದ ಮಿಲ್ಲರ್ ಎಂಬಾತ ಬಾಯಿಯ ಸೂಕ್ಷ್ಮಜೀವಿಗಳು ಸಿಹಿ ತಿಂದು ಆಮ್ಲ ಬಿಡುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ ಎಂದು ತೋರಿಸಿದ. ಪಾಪ ಆ ಮುದುಕಿಯ ಮೇಲೆ ನನಗೆ ಸಿಟ್ಟಿಲ್ಲ. ಹೊಗೆಗೆ ಕ್ಷಣಕಾಲ ನೋವು ಮರೆತು ಅಕ್ಕ ಮಲಗುತ್ತಿದ್ದಳು. ಆದರೆ ಆ ಹಲ್ಲು ಉಳಿಯಲಿಲ್ಲ.

ಮತ್ತೆ ಸಿಹಿಯ ಮಾತಿಗೆ ಬಂದೆ. ಬರದೆ ಇರೋದು ಹ್ಯಾಗೆ ಹೇಳಿ, ನಮ್ಮ ನಾಡೇ ಸಿಹಿಯ ನಾಡು. ಅತ್ತ ಘಟಪ್ರಭಾ, ಇತ್ತ ಕೃಷ್ಣಾ, ನಡುವೆ ಕಬ್ಬು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಹಾಕಿ, ಕಲ್ಲು ಮಣ್ಣು ಹೊತ್ತು, ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರಲ್ಲ, ಶ್ರಮಬಿಂದು ಸಾಗರ. ಅದನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ. ನೀರು ಬಂತು, ಕಬ್ಬು ಹೆಚ್ಚಾಯಿತು. ಮುಧೋಳದ ದಾರಿಯಲ್ಲಿ ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಸಾಲು ದಾಟೋದಕ್ಕೇ ಅರ್ಧ ತಾಸು. ಮಹಾಲಿಂಗಪುರದ ಬೆಲ್ಲದ ಪೇಟೆ ಅರಿಯದವರಾರು? ನಾನು ಸಣ್ಣವಳಿದ್ದಾಗ ಗಾಣದ ಮುಂದೆ ಬಿಸಿ ಕಾಕಂಬಿಯಲ್ಲಿ ರೊಟ್ಟಿ ಅದ್ದಿ ತಿಂದದ್ದು, ಕಬ್ಬನ್ನು ಹಲ್ಲಿನಿಂದಲೇ ಸಿಗಿದು ತಿಂದದ್ದು, ತುಟಿಯ ತುದಿ ಕೊಯ್ದುಕೊಂಡದ್ದು, ಆ ಸುಖ ಈಗಿನ ಮಕ್ಕಳಿಗೂ ಸಿಗಲಿ ಅಂತಲೇ ನನ್ನ ಆಸೆ. ಬನಹಟ್ಟಿ ಕಾಡಸಿದ್ಧೇಶ್ವರನ ಜಾತ್ರೆಗೆ ಹೋಗಿ ಬೆಂಡು-ಬತ್ತಾಸು ಇಲ್ಲದೆ ಬರೋದಾದರೂ ಹೇಗೆ?

ಆದರೆ ಸಕ್ಕರೆ ಕೆಟ್ಟದ್ದು, ಬೆಲ್ಲ ಒಳ್ಳೆಯದು ಎಂದು ನಾವು ನಂಬಿದ್ದೇವಲ್ಲ, ಹಲ್ಲಿನ ಮಟ್ಟಿಗೆ ಆ ಲೆಕ್ಕ ನಡೆಯುವುದಿಲ್ಲವಂತೆ. ಆ ಸೂಕ್ಷ್ಮಜೀವಿಗೆ ಎರಡೂ ಒಂದೇ ಊಟ. ಇನ್ನೊಂದು, ಎಷ್ಟು ತಿಂದ ಅನ್ನೋದಕ್ಕಿಂತ ಎಷ್ಟು ಸಲ ತಿಂದ ಅನ್ನೋದು ದೊಡ್ಡದು. ಪ್ರತಿ ಸಲ ಸಿಹಿ ಬಿದ್ದಾಗ ಆಮ್ಲ ಏಳುತ್ತದೆ, ಅದನ್ನು ತಣಿಸಲು ಜೊಲ್ಲಿಗೆ ಅರ್ಧ ತಾಸಾದರೂ ಬೇಕು. ಊಟದ ಜೊತೆ ಒಂದು ಹೋಳಿಗೆ ತಿಂದರೆ ಒಂದೇ ಸಲದ ಲೆಕ್ಕ. ಜೇಬಿನಲ್ಲಿ ಒಣದ್ರಾಕ್ಷಿ ಇಟ್ಟುಕೊಂಡು ಇಡೀ ದಿನ ಒಂದೊಂದೇ ತಿಂದರೆ? ಜೊಲ್ಲಿಗೆ ಬಿಡುವೇ ಇಲ್ಲ. ಮಾವನ ಕಂಟಕ ಅಂದದ್ದು ಇದಕ್ಕೇ. ಈಗ ಮಾವ ತಂದ ದ್ರಾಕ್ಷಿ ಡಬ್ಬಿಯಲ್ಲಿರುತ್ತದೆ, ಊಟದ ತಾಟಿನಲ್ಲಿ ಬೀಳುತ್ತದೆ. ಮಾವನಿಗೂ ಸಂತೋಷ, ಅಳಿಯನಿಗೂ ಸಂತೋಷ.

ರಾತ್ರಿಯ ಬಾಟಲಿ ಇನ್ನೊಂದು. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಸಕ್ಕರೆ ಹಾಕಿದ ಹಾಲು ಬಾಯಲ್ಲಿಟ್ಟುಕೊಂಡೇ ಮಲಗಿದ ಮಗುವಿಗೆ ಮೇಲಿನ ಮುಂದಿನ ನಾಲ್ಕು ಹಲ್ಲು ಮೊದಲು ಹೋಗುತ್ತವೆ. ಕೆಳಗಿನವು ನಾಲಿಗೆಯ ಮರೆಯಲ್ಲಿ ಉಳಿದುಕೊಳ್ಳುತ್ತವೆ. ಇದನ್ನು ಹೇಳುವಾಗ ನಾನು ಯಾವ ತಾಯಿಯನ್ನೂ ಬೈಯುವುದಿಲ್ಲ ವೈನಿ. ಒಂದು ಕೈ ಮಗ್ಗದ ಮೇಲೆ, ಒಂದು ಕೈ ತೊಟ್ಟಿಲ ಹಗ್ಗದ ಮೇಲೆ ಇಟ್ಟು ಮಕ್ಕಳನ್ನು ಬೆಳೆಸಿದ ಓಣಿ ಇದು. ಬಾಟಲಿ ಕೊಟ್ಟರೆ ಒಂದು ಗೇಣು ಹೆಚ್ಚು ನೇಯಬಹುದು ಅನ್ನೋ ಲೆಕ್ಕ ನನಗೂ ಗೊತ್ತು. ಮಲಗುವಾಗ ಬಾಟಲಿಯಲ್ಲಿ ಬರೀ ನೀರಿರಲಿ, ಅಷ್ಟೇ ಕೇಳೋದು. ಹಲ್ಲು ಮೂಡಿದಾಗಿನಿಂದ ಮೂರು ವರ್ಷದವರೆಗೆ ಅಕ್ಕಿಕಾಳಿನಷ್ಟು ಪೇಸ್ಟು, ಆಮೇಲೆ ಬಟಾಣಿಯಷ್ಟು, ಬ್ರಷ್ಷು ದೊಡ್ಡವರ ಕೈಯಲ್ಲಿ. 2002-03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ನಮ್ಮ ದೇಶದ ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 52 ಮಂದಿಗೆ ಹುಳುಕು ಇತ್ತು. ಅಂಗನವಾಡಿಯಲ್ಲಿ ಎರಡು ಮಕ್ಕಳು ನಿಂತರೆ ಒಂದಕ್ಕೆ. ಅಂಗನವಾಡಿಗೆ ಬಾಲ ಸ್ವಾಸ್ಥ್ಯದ ಡಾಕ್ಟರರ ತಂಡ ಬರುತ್ತದಲ್ಲ, ಅವರ ಪಟ್ಟಿಯಲ್ಲಿ ಹಲ್ಲೂ ಇದೆ. ತೂಕ, ಕಣ್ಣು, ಕಿವಿ ನೋಡಿಸಿದ ಮೇಲೆ ಬಾಯಿಯನ್ನೂ ತೋರಿಸಿ ಅಂತ ನಾನು ಎಲ್ಲರಿಗೂ ಹೇಳ್ತಿರ್ತೀನಿ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ದಂತ ಕಾಲೇಜೂ ಇದೆ, ಅಲ್ಲಿ ಮಕ್ಕಳ ಹಲ್ಲಿನದೇ ಬೇರೆ ವಿಭಾಗ.

ಹಲ್ಲು ಅಂದಾಗಲೆಲ್ಲ ನನಗೆ ನೆನಪಾಗೋದು ಮುಧೋಳದ ನಮ್ಮ ತವರುಮನೆ. ಪಕ್ಕದ ಮನೆಯವರು ಬೇಟೆನಾಯಿ ಸಾಕಿದ್ದರು, ಮುಧೋಳ ನಾಯಿ, ಆ ಸಣಕಲು ಸೊಂಟ, ಆ ಉದ್ದ ಕಾಲು. ಈಗೇನು, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು, ಸೈನ್ಯಕ್ಕೂ ಹೋಯಿತು. ಆಗ ನಮಗೆ ಅವು ಬರೀ ಪಕ್ಕದ ಮನೆಯ ಮರಿಗಳು. ನಾಯಿಮರಿಗೂ ಹಾಲುಹಲ್ಲು ಇರುತ್ತವೆ, 28. ನಾಲ್ಕು ತಿಂಗಳಿಗೆ ಉದುರಲು ಶುರುವಾಗುತ್ತವೆ. ಆ ಸೂಜಿಯಂಥ ಹಲ್ಲುಗಳನ್ನು ನಾನೂ ತಮ್ಮನೂ ಅಂಗಳದಲ್ಲಿ ಆರಿಸಿ ಬೆಂಕಿಪೊಟ್ಟಣದಲ್ಲಿ ಕೂಡಿಸಿಡುತ್ತಿದ್ದೆವು. ಸಿಕ್ಕಿದ್ದು ಐದೋ ಆರೋ. ಉಳಿದದ್ದೆಲ್ಲ ಮರಿಗಳೇ ನುಂಗಿಬಿಡುತ್ತಿದ್ದವು.

ಆ ತಮ್ಮನೇ ಒಂಬತ್ತನೇ ವರ್ಷಕ್ಕೆ ಎತ್ತಿನ ಬಂಡಿಯಿಂದ ಬಿದ್ದ. ಮುಂದಿನ ಹಲ್ಲು ಬೇರು ಸಮೇತ ಕಿತ್ತು ಕೈಗೇ ಬಂತು. ನಮ್ಮ ಆಯಿ ಅದನ್ನು ಸಗಣಿಯಲ್ಲಿ ಉಂಡೆ ಕಟ್ಟಿ, ಸೂರ್ಯನಿಗೆ ಕೈಮುಗಿದು, ಮಾಳಿಗೆ ಮೇಲೆ ಒಗೆದಳು. ಹೊಸ ಹಲ್ಲು ಬರಲಿ ಅಂತ. ಅದು ಹೊಸ ಹಲ್ಲೇ ಆಗಿತ್ತು ವೈನಿ. ಹಾಲುಹಲ್ಲು ಎರಡು ವರ್ಷದ ಹಿಂದೆಯೇ ಬಿದ್ದಾಗಿತ್ತು. ಹಾಲುಹಲ್ಲು ಕಿತ್ತು ಬಂದರೆ ಮರಳಿ ಕೂರಿಸಬಾರದು, ಮೇಲಿನ ಮೊಗ್ಗಿಗೆ ಪೆಟ್ಟಾಗುತ್ತದೆ. ಕಾಯಂ ಹಲ್ಲಿನ ಲೆಕ್ಕವೇ ಬೇರೆ. ಬೇರು ಮುಟ್ಟದೆ ತಲೆ ಹಿಡಿದು, ಮಣ್ಣಿದ್ದರೆ ನೀರಿನಲ್ಲಿ ಒಮ್ಮೆ ಅದ್ದಿ ತೆಗೆದು, ಅದೇ ಗೂಡಿನಲ್ಲಿ ಇಡಬೇಕು. ಆಗದಿದ್ದರೆ ಹಾಲಿನ ಬಟ್ಟಲಲ್ಲಿ ಹಾಕಿ ಡಾಕ್ಟರ ಕಡೆ ಓಡಬೇಕು. ಅರ್ಧ ತಾಸಿನೊಳಗೆ ತಲುಪಿದರೆ ಬಹಳ ಒಳ್ಳೆಯದು, ಒಂದು ತಾಸು ದಾಟಿದರೆ ಕಷ್ಟ. ಹಿತ್ತಲಲ್ಲಿ ಎಮ್ಮೆ ಕಟ್ಟಿತ್ತು, ಒಲೆಯ ಮೇಲೆ ಹಾಲಿತ್ತು. ಹೇಳುವವರು ಯಾರೂ ಇರಲಿಲ್ಲ. ಅವನು ಈಗಲೂ ನಗುವಾಗ ಕೈ ಅಡ್ಡ ಹಿಡಿಯುತ್ತಾನೆ, ಕಟ್ಟಿಸಿದ ಹಲ್ಲು ಇದ್ದರೂ. ಅದಕ್ಕೇ ನಾನು ಈ ಹುಡುಗನ ಹಲ್ಲಿನ ಬೆನ್ನು ಬಿಡಲಿಲ್ಲ.

ಅಗೋ, ಓಡಿ ಬಂದ. ಏನಪ್ಪಾ, ಮುಷ್ಟಿ ಯಾಕೆ ಕಟ್ಟೀ? ಬಿಚ್ಚು ನೋಡೋಣ.

ಅಯ್ಯ, ಬಿದ್ದೇಬಿಟ್ಟಿತಲ್ಲ! ನೋಡ್ರಿ ವೈನಿ, ಎಷ್ಟು ಸಣ್ಣದು. ಒಂದು ಜೋಳದ ಕಾಳಿನಷ್ಟಿಲ್ಲ. ಹಿಂದಿನಿಂದ ಇನ್ನೂ ಬೂದಿ ಬಣ್ಣ. ಬಾಯಿ ತೆಗಿ, ಬೆಳಕಿಗೆ ತಿರುಗು... ಹೂಂ, ಬಿಳಿ ತುದಿ ಕಾಣ್ತಿದೆ, ಗರಗಸದ ಹಾಗೆ ಮೂರು ಸಣ್ಣ ಹಲ್ಲುಹಲ್ಲು. ನೆಟ್ಟಗೇ ಇಳಿಯುತ್ತಿದೆ.

ಸಗಣಿ ನಿಮ್ಮ ದನದ ಮನೆಯಿಂದ ಒಂದಿಷ್ಟು ಕೊಡ್ರಿ. ಒಗೆಯೋದು ಎಲ್ಲಿಗೆ ಅನ್ನೋದೇ ಈಗಿನ ಪ್ರಶ್ನೆ. ನಮ್ಮದು ಸ್ಲ್ಯಾಬು, ಮೇಲೆ ನೀರಿನ ಟಾಕಿ, ಸೋಲಾರು. ಮಣ್ಣಿನ ಮಾಳಿಗೆ ಈ ಸಾಲಿನಲ್ಲಿ ಉಳಿದಿದ್ದು ನಿಮ್ಮದೊಂದೇ. ನಿಮ್ಮ ಸಂಡಿಗೆ ಆ ಮಗ್ಗುಲಿಗೆ ಇವೆ ಅಲ್ವಾ? ಈ ಮಗ್ಗುಲಿಗೆ ಒಗೆಯಲು ಹೇಳ್ತೀನಿ. ಏ ತಮ್ಮಾ, ಮೊದಲು ಕಾಕೂಗೆ ಬೆಳ್ಳಿ ಹಲ್ಲು ತೋರಿಸು, ಅದು ಇನ್ನೂ ಮೂರು ನಾಲ್ಕು ವರ್ಷ ಅಲ್ಲೇ ಇರೋದು. ಹಾಂ, ಈಗ ಗುರಿ ಇಡು.